ಕೆಟ್ಟದ್ದು ಇಯರ್‌ಫೋನೋ, ಕಿವಿಯೋ?

ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಈಚೆಗೆ ಇನ್ನೊಂದು ದೂರು ಕೇಳಿಬರುತ್ತದೆ. ‘ಮೇಷ್ಟ್ರೇ, ಇವನಿಗೆ ವರ್ಷಕ್ಕೆ ಮೂರು ಇಯರ್‌ಫೋನ್ ಕೊಡಿಸಿದ್ದೇನೆ. ಒಂದೂ ಬಾಳಿಕೆ ಬರುವುದಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಒಂದು ಕಡೆ ಕೇಳಿಸುತ್ತಿಲ್ಲ ಅಂತಾನೆ.’ ಮಗ ತಲೆ ತಗ್ಗಿಸಿ ನಿಂತಿರುತ್ತಾನೆ. ಅಂಗಡಿಯವನನ್ನು ಕೇಳಿದರೆ ‘ಡೂಪ್ಲಿಕೇಟ್ ಮಾಲು ಸಾರ್’ ಎನ್ನುತ್ತಾನೆ. ಅಪ್ಪನನ್ನು ಕೇಳಿದರೆ ‘ಇವನಿಗೆ ಜೋಪಾನವಿಲ್ಲ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಹೀಗೆ ‘ಸತ್ತುಹೋದ’ ಇಯರ್‌ಫೋನುಗಳಲ್ಲಿ ಹಲವು ನಿಜವಾಗಿ ಸತ್ತಿರುವುದಿಲ್ಲ. ಅವುಗಳ ಬಾಯಿ ಕಟ್ಟಿರುತ್ತದೆ, ಅಷ್ಟೆ.

ಇದು ಬರೀ ದುಡ್ಡಿನ ಪ್ರಶ್ನೆಯಾಗಿದ್ದರೆ ಈ ಅಂಕಣದಲ್ಲಿ ಇಷ್ಟು ಜಾಗ ಬೇಕಿರಲಿಲ್ಲ. ಒಂದು ಕಡೆ ಸದ್ದು ಕುಗ್ಗಿದಾಗ ಮಕ್ಕಳು ಏನು ಮಾಡುತ್ತಾರೆ? ಇಯರ್‌ಫೋನ್ ಬಿಚ್ಚಿ ನೋಡುವುದಿಲ್ಲ, ಒರೆಸುವುದಿಲ್ಲ. ವಾಲ್ಯೂಮ್ ಏರಿಸುತ್ತಾರೆ. ಏರಿಸಿದ ಸದ್ದೆಲ್ಲ ಸರಿಯಾಗಿರುವ ಇನ್ನೊಂದು ಕಡೆಯಿಂದ ಕಿವಿಗೆ ನುಗ್ಗುತ್ತದೆ. ಇನ್ನೂರು ರೂಪಾಯಿಯ ಇಯರ್‌ಫೋನನ್ನು ಮತ್ತೆ ತರಬಹುದು. ಕಿವಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಇಯರ್‌ಫೋನನ್ನು ಶುಚಿಯಾಗಿಡುವುದೆಂದರೆ ಕಿವಿಯನ್ನು ಕಾಪಾಡಿಕೊಳ್ಳುವುದೆಂದೇ ಅರ್ಥ. ಅದನ್ನು ಹೇಗೆ ಮಾಡಬೇಕು, ಯಾಕೆ ಹಾಗೆಯೇ ಮಾಡಬೇಕು ಎಂಬುದನ್ನು ಈ ವಾರ ನೋಡೋಣ.

ಒಳಗಿರುವುದು ಪುಟ್ಟ ಧ್ವನಿವರ್ಧಕ

ಹತ್ತನೆಯ ತರಗತಿಯ ಭೌತಶಾಸ್ತ್ರ ಓದಿದವರಿಗೆ ಇಯರ್‌ಫೋನಿನ ಒಳಗುಟ್ಟು ಹೊಸದಲ್ಲ. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ ಎಂದು ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲಿ ತೋರಿಸಿಕೊಟ್ಟ. ಇಯರ್‌ಫೋನಿನ ಕೆಲಸವೆಲ್ಲ ನಿಂತಿರುವುದು ಅದರ ಮೇಲೆಯೇ. ತೀರಾ ಸಣ್ಣ ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿ ಒಂದು ಪ್ಲಾಸ್ಟಿಕ್ ಪೊರೆಗೆ ಅಂಟಿಸಿರುತ್ತಾರೆ. ಸುರುಳಿಯ ಬಳಿಯಲ್ಲೇ ಒಂದು ಶಕ್ತಿಶಾಲಿ ಅಯಸ್ಕಾಂತವಿರುತ್ತದೆ. ಫೋನಿನಿಂದ ಬರುವ ವಿದ್ಯುತ್ತು ಹೆಚ್ಚು ಕಡಿಮೆಯಾದಂತೆ, ದಿಕ್ಕು ಬದಲಿಸಿದಂತೆ ಸುರುಳಿ ಹಿಂದೆ ಮುಂದೆ ಅಲುಗುತ್ತದೆ. ಅದರ ಜತೆಗೆ ಪೊರೆಯೂ ಅಲುಗುತ್ತದೆ. ಪೊರೆ ಗಾಳಿಯನ್ನು ತಳ್ಳುತ್ತದೆ, ಆ ಗಾಳಿ ನಿಮ್ಮ ಕಿವಿಯ ತಮಟೆಯನ್ನು ತಳ್ಳುತ್ತದೆ. ಜಾತ್ರೆಯ ಮೈದಾನದಲ್ಲಿ ಕಟ್ಟುವ ದೊಡ್ಡ ಸ್ಪೀಕರಿನಲ್ಲೂ ಇದೇ ಕತೆ. ಗಾತ್ರ ಮಾತ್ರ ಬೇರೆ.

ಈ ಪೊರೆ ತಲೆಗೂದಲಿಗಿಂತ ತೆಳು. ಅದಕ್ಕೆ ದೂಳು, ಗುಗ್ಗೆ ತಾಗಬಾರದೆಂದು ಮುಂದೆ ಸಣ್ಣ ಕಣ್ಣಿನ ಜಾಲರಿ ಇಟ್ಟಿರುತ್ತಾರೆ. ಗಾಳಿ ಸರಾಗವಾಗಿ ಆಡಲೆಂದು ಹಲವು ಇಯರ್‌ಫೋನುಗಳ ಹಿಂಬದಿಯಲ್ಲಿ ಅಥವಾ ಪಕ್ಕದಲ್ಲಿ ಸೂಜಿ ಮೊನೆಯಷ್ಟು ತೂತನ್ನೂ ಬಿಟ್ಟಿರುತ್ತಾರೆ. ಜಾಲರಿ ಮುಚ್ಚಿದರೆ ಸದ್ದು ಕುಗ್ಗುತ್ತದೆ. ಹಿಂಬದಿಯ ತೂತು ಮುಚ್ಚಿದರೆ ತಬಲ, ಮೃದಂಗದಂತಹ ಗಂಭೀರ ನಾದಗಳು ಸೊರಗುತ್ತವೆ. ಎರಡೂ ಸಂದರ್ಭದಲ್ಲಿ ಸುರುಳಿ, ಅಯಸ್ಕಾಂತ, ಪೊರೆ ಗಟ್ಟಿಮುಟ್ಟಾಗಿಯೇ ಇರುತ್ತವೆ.

1910ರ ಸುಮಾರಿಗೆ ಅಮೆರಿಕದ ನೇಥನಿಯಲ್ ಬಾಲ್ಡ್ವಿನ್ ಎಂಬಾತ ತಾನೇ ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಕಳಿಸಿಕೊಟ್ಟ ಕಾಲದಲ್ಲಿ ಅದನ್ನು ತೊಡುತ್ತಿದ್ದವರು ಕೋಣೆಯೊಳಗೆ ಕುಳಿತು ಸಂದೇಶ ಕೇಳುವ ಸಿಬ್ಬಂದಿ. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ ಹೆಡ್‌ಫೋನು ಬೀದಿಗಿಳಿಯಿತು. ಈಗ ಅದು ಬಸ್ಸು, ಜಿಮ್ಮು, ಹೊಲ, ಮಲಗುವ ಹಾಸಿಗೆ ಎಲ್ಲ ಕಡೆಯೂ ನಮ್ಮ ಜತೆಗಿದೆ. ಕೋಣೆಯ ವಸ್ತು ಬೀದಿಗೆ ಬಂದಾಗ ಬೀದಿಯ ದೂಳು, ಬಿಸಿಲು, ಬೆವರು ಎಲ್ಲವನ್ನೂ ಅದು ತಾಳಬೇಕಾಯಿತು.

ಮೊದಲು ಅದಲು ಬದಲು ಮಾಡಿ

ಶುಚಿ ಮಾಡಲು ಕೂರುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಬೇಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದರೂ ಇದು ಅಪ್ಪಟ ವಿಜ್ಞಾನದ ಪ್ರಯೋಗ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ, ಫಲಿತಾಂಶ ಹೇಗೆ ಬದಲಾಗುತ್ತದೆ ಎಂದು ನೋಡುವುದೇ ಇದರ ತಿರುಳು.

ಎಡಗಡೆ ಸದ್ದು ಕಡಿಮೆ ಕೇಳುತ್ತಿದೆ ಎಂದುಕೊಳ್ಳಿ. ವಾಲ್ಯೂಮನ್ನು ಮುಟ್ಟಬೇಡಿ. ಎಡದ ಇಯರ್‌ಫೋನನ್ನು ಬಲಗಿವಿಗೂ, ಬಲದ್ದನ್ನು ಎಡಗಿವಿಗೂ ಹಿಡಿದು ಅದೇ ಹಾಡನ್ನು ಮತ್ತೆ ಕೇಳಿ. ತಲೆಗೆ ತೊಡುವ ಹೆಡ್‌ಫೋನಾದರೆ ಹಿಂದು ಮುಂದಾಗಿ ತೊಟ್ಟರಾಯಿತು. ಈಗ ಏನಾಯಿತು?

ಕಡಿಮೆ ಸದ್ದು ಇಯರ್‌ಫೋನಿನ ಜತೆಗೆ ಬಲಗಿವಿಗೆ ಬಂದಿದ್ದರೆ ತೊಂದರೆ ನಿಮ್ಮ ಕಿವಿಯಲ್ಲಿಲ್ಲ. ಆಗ ಅದೇ ಇಯರ್‌ಫೋನನ್ನು ಮನೆಯವರ ಫೋನಿಗೆ ಹಾಕಿ ನೋಡಿ. ಅಲ್ಲಿ ಎರಡೂ ಕಡೆ ಸರಿಯಿದ್ದರೆ ನಿಮ್ಮ ಫೋನಿನ ಸೆಟ್ಟಿಂಗ್ ಅಥವಾ ಪಿನ್ನು ತೂರಿಸುವ ತೂತನ್ನು ಅನುಮಾನಿಸಿ. ಅಲ್ಲೂ ಹಾಗೆಯೇ ಇದ್ದರೆ ತೊಂದರೆ ಇಯರ್‌ಫೋನಿನಲ್ಲೇ ಇದೆ.

ಅದಲು ಬದಲು ಮಾಡಿದ ಮೇಲೂ ಎಡಗಿವಿಗೇ ಕಡಿಮೆ ಕೇಳುತ್ತಿದ್ದರೆ? ಆಗ ಇಯರ್‌ಫೋನನ್ನು ದೂರುವುದು ಬಿಟ್ಟುಬಿಡಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿರಬಹುದು, ಸೋಂಕಾಗಿರಬಹುದು ಅಥವಾ ಆ ಕಿವಿಯ ಶ್ರವಣಶಕ್ತಿಯೇ ಕುಂದಿರಬಹುದು. ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ತಂದೆ-ತಾಯಂದಿರೇ, ‘ಹೊಸ ಇಯರ್‌ಫೋನ್ ಬೇಕು’ ಎಂದು ಮಗು ಕೇಳಿದಾಗ ಬೈಯುವ ಮೊದಲು, ಕೊಡಿಸುವ ಮೊದಲು ಈ ಎರಡು ನಿಮಿಷದ ಪರೀಕ್ಷೆ ಮಾಡಿಸಿ.

ದೂಳಿನಲ್ಲಿ ಕಬ್ಬಿಣ

ನಮ್ಮ ನಾಡಿನ ದೂಳು ಎಲ್ಲ ಕಡೆಯೂ ಒಂದೇ ಥರ ಇಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಣಗಾಳಿಯಲ್ಲಿ ನುಣುಪಾದ ಮಣ್ಣು ತೇಲಾಡುತ್ತಿರುತ್ತದೆ. ಕೋಲಾರ, ತುಮಕೂರಿನ ಕಡೆ ಕೆಮ್ಮಣ್ಣು. ಬಳ್ಳಾರಿ, ಸಂಡೂರಿನ ಕಡೆ ಅದಿರಿನ ಕೆಂಪು ದೂಳು. ಇವುಗಳಲ್ಲಿ ಇಯರ್‌ಫೋನಿಗೆ ವಿಶೇಷವಾಗಿ ತೊಂದರೆ ಕೊಡುವ ಕಣ ಯಾವುದೆಂದು ತಿಳಿಯಲು ಹೀಗೆ ಮಾಡಿ.

ಹಳೆಯ ಸ್ಪೀಕರಿನ ಅಥವಾ ಪ್ರಯೋಗಶಾಲೆಯ ಅಯಸ್ಕಾಂತವೊಂದನ್ನು ತೆಳುವಾದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಶಾಲೆಯ ಮೈದಾನದ ಒಣಮಣ್ಣಿನಲ್ಲಿ ಅದನ್ನು ಎಳೆದಾಡಿ ಎತ್ತಿ. ಕವರಿನ ಹೊರಗೆ ಮೀಸೆಯ ಹಾಗೆ ಕಪ್ಪು ಕಣಗಳು ನಿಂತಿರುವುದು ಕಾಣುತ್ತದೆ. ಇವು ಹೆಚ್ಚಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಚೂರುಗಳು. ಅಯಸ್ಕಾಂತವನ್ನು ಕವರಿನಿಂದ ಹೊರತೆಗೆದರೆ ಕಣಗಳೆಲ್ಲ ಉದುರುತ್ತವೆ.

ಈಗ ಯೋಚಿಸಿ. ಇಯರ್‌ಫೋನಿನ ಒಳಗೂ ಅಯಸ್ಕಾಂತವಿದೆ. ಅದನ್ನು ಕವರಿನಿಂದ ಹೊರತೆಗೆಯುವಂತಿಲ್ಲ. ಅಂಗಿಯ ಜೇಬಿನಲ್ಲಿ, ಚೀಲದ ತಳದಲ್ಲಿ, ಗ್ಯಾರೇಜಿನ ಮೇಜಿನ ಮೇಲೆ ಬಿದ್ದಿರುವಾಗ ಸುತ್ತಲಿನ ಕಬ್ಬಿಣದ ಪುಡಿಯನ್ನು ಅದು ತಾನಾಗಿಯೇ ಸೆಳೆದುಕೊಳ್ಳುತ್ತದೆ. ಜಾಲರಿಯ ಕಣ್ಣಿಗಿಂತ ಸಣ್ಣ ಕಣ ಒಳಹೊಕ್ಕು ಪೊರೆಯ ಮೇಲೆ ಕೂತರೆ ಹಾಡಿನ ಜತೆ ಕರಕರ ಸದ್ದು ಬರುತ್ತದೆ. ಹೊಕ್ಕ ಮೇಲೆ ತೆಗೆಯುವುದು ಕಷ್ಟ. ಹೊಗದಂತೆ ನೋಡಿಕೊಳ್ಳುವುದು ಸುಲಭ. ಮುಚ್ಚಳವಿರುವ ಸಣ್ಣ ಡಬ್ಬಿಯೊಂದು ಸಾಕು. ಹಳೆಯ ಕನ್ನಡಕದ ಪೆಟ್ಟಿಗೆಯಾದರೂ ಆದೀತು. ಬರಿಯ ಜೇಬು ಮಾತ್ರ ಬೇಡ. ಜೇಬಿನ ಮೂಲೆಯಲ್ಲಿ ಸೇರುವ ಬಟ್ಟೆಯ ಜುಂಜೂ ಜಾಲರಿಗೆ ಶತ್ರುವೇ.

ಗುಗ್ಗೆ ಕೊಳೆಯಲ್ಲ

ಜಾಲರಿಯನ್ನು ಮುಚ್ಚುವ ಎರಡನೆಯ ವಸ್ತು ಹೊರಗಿನಿಂದ ಬರುವುದಲ್ಲ, ನಮ್ಮ ಕಿವಿಯದ್ದೇ. ಗುಗ್ಗೆ ಎಂದರೆ ಅಸಹ್ಯಪಡುವ ಅಗತ್ಯವಿಲ್ಲ. ಕಿವಿನಾಳದ ಹೊರಭಾಗದ ಗ್ರಂಥಿಗಳು ಸ್ರವಿಸುವ ಜಿಡ್ಡು, ಉದುರಿದ ಚರ್ಮದ ಕಣಗಳು ಸೇರಿ ಅದು ಆಗುತ್ತದೆ. ದೂಳನ್ನು ಹಿಡಿದಿಡುವುದು, ಚರ್ಮ ಒಣಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಕಿವಿನಾಳದ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ನಾವು ಅಗಿಯುವಾಗ, ಮಾತಾಡುವಾಗ ದವಡೆ ಆಡುವುದೂ ಇದಕ್ಕೆ ನೆರವಾಗುತ್ತದೆ. ಹೀಗೆ ಕಿವಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ.

ಕಿವಿಯೊಳಗೆ ತೂರುವ ಇಯರ್‌ಫೋನು ಈ ದಾರಿಗೆ ಅಡ್ಡ ನಿಲ್ಲುತ್ತದೆ. ಹೊರಬರಬೇಕಾದ ಗುಗ್ಗೆಯನ್ನು ಮತ್ತೆ ಒಳಕ್ಕೆ ತಳ್ಳುತ್ತದೆ, ಸ್ವಲ್ಪವನ್ನು ತನ್ನ ಜಾಲರಿಗೂ ಮೆತ್ತಿಕೊಳ್ಳುತ್ತದೆ. ಸೆಕೆಯಲ್ಲಿ ಗುಗ್ಗೆ ಮೆತ್ತಗಾಗುತ್ತದೆ. ಮೆತ್ತಗಿನ ಗುಗ್ಗೆಗೆ ದೂಳು ಅಂಟಿ, ಒಣಗಿ, ಗಾರೆಯಂತಾಗುತ್ತದೆ. ‘ಎರಡು ತಿಂಗಳಿಗೇ ಕೆಟ್ಟ’ ಇಯರ್‌ಫೋನಿನ ಗುಟ್ಟು ಬಹುಪಾಲು ಇಲ್ಲಿದೆ. ಒಂದು ಭೂತಗನ್ನಡಿ ಹಿಡಿದು ಜಾಲರಿಯನ್ನು ನೋಡಿ, ನಿಮಗೇ ಗೊತ್ತಾಗುತ್ತದೆ.

ಬೆವರು ಒಣಗಿದರೂ ಉಪ್ಪು ಉಳಿಯುತ್ತದೆ

ಬೆವರೆಂದರೆ ನೀರು ಮಾತ್ರವಲ್ಲ, ಅದರಲ್ಲಿ ಉಪ್ಪಿದೆ. ಬೆವರು ಆರಿದ ಮೇಲೂ ಉಪ್ಪು ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀರಲ್ಲ? ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ರ ಆಸುಪಾಸು ದಾಟಿದರೆ ಅಡುಗೆ ಉಪ್ಪು ಗಾಳಿಯ ತೇವವನ್ನು ಸೆಳೆದು ತಾನೇ ಕರಗತೊಡಗುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ, ಮಳೆಗಾಲದ ಮಲೆನಾಡಿನಲ್ಲಿ ಆರ್ದ್ರತೆ ಇದಕ್ಕಿಂತ ಹೆಚ್ಚಿರುವ ದಿನಗಳೇ ಬಹಳ. ಎಂದರೆ ಅಲ್ಲಿ ಇಯರ್‌ಫೋನಿನ ಮೇಲಿನ ಬೆವರು ಒಣಗಿತೆಂದು ನೀವು ತಿಳಿದರೂ ಅದು ರಾತ್ರಿಯೆಲ್ಲ ತೇವವಾಗಿಯೇ ಇರುತ್ತದೆ.

ಉಪ್ಪುನೀರು ಲೋಹವನ್ನು ಬೇಗ ತಿನ್ನುತ್ತದೆ. ತಂತಿಯಿಲ್ಲದ ‘ಬಡ್ಸ್’ ಬಳಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅವುಗಳ ಮೈಮೇಲೆ ಚಾರ್ಜಿಗಾಗಿ ಎರಡು ಮೂರು ಲೋಹದ ಚುಕ್ಕೆಗಳಿರುತ್ತವೆ. ಬೆವರು ಮೆತ್ತಿದ ಬಡ್ಸನ್ನು ಹಾಗೆಯೇ ಡಬ್ಬಿಗೆ ಹಾಕಿದರೆ ಉಪ್ಪುನೀರಿನ ಮೂಲಕ ವಿದ್ಯುತ್ತು ಹರಿದಂತಾಗುತ್ತದೆ. ತರಗತಿಯಲ್ಲಿ ಮಾಡಿದ ವಿದ್ಯುದ್ವಿಭಜನೆಯ ಪ್ರಯೋಗ ನಿಮ್ಮ ಜೇಬಿನಲ್ಲೇ ನಡೆಯುತ್ತದೆ. ಚುಕ್ಕೆಗಳು ಕಪ್ಪಗೋ ಹಸಿರಾಗಿಯೋ ತಿರುಗುತ್ತವೆ. ಆಮೇಲೆ ‘ಚಾರ್ಜೇ ಆಗುವುದಿಲ್ಲ’ ಎಂಬ ದೂರು ಶುರುವಾಗುತ್ತದೆ. ಡಬ್ಬಿಗೆ ಹಾಕುವ ಮುನ್ನ ಒಣಬಟ್ಟೆಯಿಂದ ಒಮ್ಮೆ ಒರೆಸಿದರೆ ಇದನ್ನು ತಪ್ಪಿಸಬಹುದು.

‘ನಮ್ಮದು ವಾಟರ್‌ಪ್ರೂಫ್’ ಎನ್ನುವವರು ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿ ನೋಡಿ. ‘ಐಪಿ’ ಎಂಬ ಎರಡು ಅಕ್ಷರಗಳ ಮುಂದೆ ಎರಡು ಸ್ಥಾನಗಳಿರುತ್ತವೆ. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ‘ಐಪಿ ಎಕ್ಸ್ 4’ ಎಂದಿದ್ದರೆ ಎಲ್ಲ ದಿಕ್ಕಿನಿಂದ ಎರಚಿದ ನೀರನ್ನು ತಾಳುತ್ತದೆ ಎಂದರ್ಥ. ‘ಎಕ್ಸ್’ ಇರುವ ಕಡೆ, ಎಂದರೆ ದೂಳಿನ ವಿಷಯದಲ್ಲಿ, ಯಾವ ಭರವಸೆಯನ್ನೂ ಕೊಟ್ಟಿಲ್ಲ. ಕೊನೆಯ ಅಂಕಿ 7 ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಬೇಕು. ಈ ಪರೀಕ್ಷೆಗಳೆಲ್ಲ ನಡೆಯುವುದು ಸಿಹಿನೀರಿನಲ್ಲಿ, ಹೊಚ್ಚಹೊಸ ವಸ್ತುವಿನ ಮೇಲೆ. ವರ್ಷ ಕಳೆದ, ಬೆವರು ಕುಡಿದ ಇಯರ್‌ಫೋನಿಗೆ ಆ ಅಂಕಿ ಅಷ್ಟಾಗಿ ಹೊಂದುವುದಿಲ್ಲ.

ಕರಾವಳಿಯ ಇಬ್ಬನಿ, ಮಲೆನಾಡಿನ ಬೂಷ್ಟು

ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿ ಬೆವರುವುದು ಎಲ್ಲರಿಗೂ ಗೊತ್ತು. ಇಯರ್‌ಫೋನೂ ಹಾಗೆ ಬೆವರುತ್ತದೆ. ಉಷ್ಣತೆ 32 ಡಿಗ್ರಿ, ಆರ್ದ್ರತೆ ಶೇಕಡ 75 ಇರುವ ಗಾಳಿಯ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಆ ಗಾಳಿ ನೀರಿನ ಹನಿ ಕೂರಿಸುತ್ತದೆ. 22 ಡಿಗ್ರಿಯ ಎಸಿ ಬಸ್ಸಿನಿಂದ ಮಂಗಳೂರಿನ ಬಸ್ ನಿಲ್ದಾಣಕ್ಕೆ ಇಳಿದವರ ಕನ್ನಡಕ ಮಂಜಾಗುವುದು ಇದೇ ಕಾರಣಕ್ಕೆ. ಅದೇ ಮಂಜು ಹೆಡ್‌ಫೋನಿನ ಒಳಗೂ ಕಟ್ಟುತ್ತದೆ. ಪರಿಹಾರ ಸುಲಭ. ಎಸಿಯಿಂದ ಹೊರಬರುವ ಮುನ್ನ ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಹೊರಗೆ ಬಂದು ಹತ್ತು ಹದಿನೈದು ನಿಮಿಷ ಕಳೆದ ಮೇಲೆ ತೆರೆಯಿರಿ. ಅಷ್ಟರಲ್ಲಿ ಅದೂ ಬೆಚ್ಚಗಾಗಿರುತ್ತದೆ.

ದೊಡ್ಡ ಹೆಡ್‌ಫೋನಿನ ಮೆತ್ತೆಗಳು ನಮ್ಮಲ್ಲಿ ಸಿಪ್ಪೆ ಸುಲಿದಂತೆ ಉದುರುವುದನ್ನು ಕಂಡಿರಬಹುದು. ಅವು ಬಹುಮಟ್ಟಿಗೆ ಪಾಲಿಯುರಿಥೇನ್ ಲೇಪವಿರುವ ಕೃತಕ ಚರ್ಮದವು. ತೇವ, ಶಾಖ ಎರಡೂ ಕೂಡಿದಾಗ ನೀರಿನ ಅಣುಗಳು ಈ ಪಾಲಿಮರಿನ ಉದ್ದ ಸರಪಳಿಯನ್ನು ತುಂಡರಿಸುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಭಜನೆ ಎನ್ನುತ್ತಾರೆ. ಬಳಸದೆ ಬೀರುವಿನಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಮೆತ್ತೆಗೆ ಹತ್ತಿಬಟ್ಟೆಯ ಗವಸು ಹೊಲಿದು ಹಾಕಿ, ವಾರಕ್ಕೊಮ್ಮೆ ಒಗೆದರೆ ಬೆವರಾದರೂ ನೇರವಾಗಿ ತಾಗುವುದು ತಪ್ಪುತ್ತದೆ.

ಇನ್ನು ಬೂಷ್ಟು. ಉಪ್ಪಿನಕಾಯಿ, ಬ್ರೆಡ್ಡು, ಚಪ್ಪಲಿಯ ಮೇಲೆ ಬೆಳೆಯುವ ಶಿಲೀಂಧ್ರ ಇಯರ್‌ಫೋನಿನ ರಬ್ಬರ್ ತುದಿಯ ಮೇಲೂ ಕೂರಬಲ್ಲದು. ಮನುಷ್ಯನ ಕಿವಿನಾಳ ಬೆಚ್ಚಗಿದೆ, ಕತ್ತಲಾಗಿದೆ. ತೇವವೂ ಸೇರಿದರೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಆಸ್ಪರ್ಜಿಲ್ಲಸ್, ಕ್ಯಾಂಡಿಡಾ ಎಂಬ ಶಿಲೀಂಧ್ರಗಳಿಂದ ಕಿವಿಗೆ ಆಗುವ ಸೋಂಕು ನಮ್ಮಂತಹ ಬಿಸಿ, ತೇವದ ನಾಡುಗಳಲ್ಲಿ ಹೆಚ್ಚು. ವಿಪರೀತ ತುರಿಕೆ, ಕಿವಿ ಕಟ್ಟಿದಂತಾಗುವುದು, ಸೋರುವುದು ಅದರ ಲಕ್ಷಣಗಳು. ತಲೆಗೆ ಸ್ನಾನ ಮಾಡಿದ ಕೂಡಲೇ ಇಯರ್‌ಫೋನ್ ತೂರಿಸಬೇಡಿ. ಕಿವಿ ಆರಲಿ. ಗೆಳೆಯನ ಹಲ್ಲುಜ್ಜುವ ಬ್ರಷ್ಷನ್ನು ಬಳಸದ ನಾವು ಅವನ ಇಯರ್‌ಫೋನನ್ನು ಮಾತ್ರ ಒಂದು ಮಾತೂ ಆಡದೆ ಕಿವಿಗಿಟ್ಟುಕೊಳ್ಳುತ್ತೇವೆ! ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹೆಡ್‌ಫೋನ್ ಹಂಚಿಕೊಳ್ಳುವುದು ಅನಿವಾರ್ಯವಾದರೆ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಒರೆಸುವ ಪದ್ಧತಿ ಇರಲಿ.

ಭಾನುವಾರದ ಹತ್ತು ನಿಮಿಷ

ಬೇಕಾದ ಸಾಮಾನು: ಚೆನ್ನಾಗಿ ತೊಳೆದು ಒಣಗಿಸಿದ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಕೆಲವು ಹತ್ತಿ ಕಡ್ಡಿ, ಕನ್ನಡಕ ಒರೆಸುವ ಬಟ್ಟೆ, ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ. ಇದು ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ದೇವರ ದೀಪದ ಹತ್ತಿರ ಬಾಟಲಿ ತೆರೆಯಬಾರದು. ಕೆಳಗಿನ ತರಗತಿಯ ಮಕ್ಕಳು ಹಿರಿಯರ ಎದುರಿನಲ್ಲೇ ಮಾಡಲಿ.

1. ಕೈ ತೊಳೆದು ಒರೆಸಿಕೊಳ್ಳಿ. ಇಯರ್‌ಫೋನನ್ನು ಫೋನಿನಿಂದ, ಚಾರ್ಜರಿನಿಂದ ಬೇರ್ಪಡಿಸಿ.

2. ತುದಿಯ ರಬ್ಬರ್ ಟೋಪಿಗಳನ್ನು ಬಿಚ್ಚಿ, ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೇರೆ ನೀರಿನಲ್ಲಿ ಜಾಲಿಸಿ, ರಾತ್ರಿಯಿಡೀ ಆರಲು ಬಿಡಿ. ಸ್ಪಂಜಿನ ಟೋಪಿಯಾದರೆ ತೊಳೆಯುವುದು ಬೇಡ. ಒಣಬಟ್ಟೆಯಿಂದ ಒರೆಸಿ, ಹಳತಾದಾಗ ಬದಲಾಯಿಸಿ.

3. ಜಾಲರಿ ನೆಲದ ಕಡೆ ಮುಖ ಮಾಡುವಂತೆ ಹಿಡಿದು, ಕೆಳಗಿನಿಂದ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಮೇಲ್ಮುಖವಾಗಿ ಹಿಡಿದು ಉಜ್ಜಿದರೆ ಕೊಳೆ ಒಳಗೆ ಬೀಳುತ್ತದೆ. ಕೆಳಮುಖವಾಗಿ ಹಿಡಿದರೆ ಗುರುತ್ವಾಕರ್ಷಣೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

4. ಗುಗ್ಗೆ ಗಟ್ಟಿಯಾಗಿದ್ದರೆ ಹತ್ತಿ ಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ, ಹಿಂಡಿ, ಜಾಲರಿಯ ಹೊರಮೈಗೆ ಮಾತ್ರ ತಾಗಿಸಿ. ಆಗಲೂ ಮುಖ ಕೆಳಗೇ ಇರಲಿ. ಅರ್ಧ ನಿಮಿಷ ಬಿಟ್ಟು ಮತ್ತೆ ಬ್ರಷ್ ಆಡಿಸಿ. ದ್ರವವನ್ನು ನೇರವಾಗಿ ಎಂದೂ ಹನಿಸಬೇಡಿ.

5. ತಂತಿಯನ್ನು ಮೇಲಿನಿಂದ ಕೆಳಕ್ಕೆ ಒದ್ದೆಬಟ್ಟೆಯಿಂದ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಪಿನ್ನಿನ ಲೋಹಕ್ಕೆ ಆಲ್ಕೊಹಾಲಿನ ಹತ್ತಿ ಆಡಿಸಿ. ಬಡ್ಸ್ ಇಡುವ ಡಬ್ಬಿಯ ಒಳಗಿನ ಲೋಹದ ಚುಕ್ಕೆಗಳಿಗೆ ಒಣ ಹತ್ತಿ ಕಡ್ಡಿ ಸಾಕು.

6. ಹೆಡ್‌ಫೋನಿನ ಮೆತ್ತೆಯನ್ನು ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿ. ಇದಕ್ಕೆ ಆಲ್ಕೊಹಾಲ್ ಬೇಡ. ಕೃತಕ ಚರ್ಮ ಬಿರುಕು ಬಿಡುತ್ತದೆ.

ಮಾಡಬಾರದ್ದೂ ಕೆಲವಿದೆ. ಪಿನ್ನು, ಸೂಜಿಯಿಂದ ಜಾಲರಿಯನ್ನು ಕೆದಕಬಾರದು. ಜಾಲರಿ ಹರಿದರೆ ಮುಂದಿನದು ಪೊರೆಯೇ. ಬಾಯಿಂದ ಊದಿದರೆ ಉಸಿರಿನ ತೇವ ಒಳಹೋಗುತ್ತದೆ. ಸೈಕಲ್ ಅಂಗಡಿಯ ಗಾಳಿ ಹೊಡೆಯುವ ಯಂತ್ರಕ್ಕೆ ಹಿಡಿದರೆ ಪೊರೆ ಹರಿಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ಲಿನಲ್ಲಿ ಅಂಟುವ ಪದಾರ್ಥಗಳಿರುತ್ತವೆ, ಅದೂ ಬೇಡ. ಒದ್ದೆಯಾದದ್ದನ್ನು ಅಕ್ಕಿ ಡಬ್ಬದಲ್ಲಿ ಹೂಳುವ ಪದ್ಧತಿಯಿದೆ. ಅಕ್ಕಿಯ ಪುಡಿ ಜಾಲರಿ ಸೇರುತ್ತದೆಯೇ ಹೊರತು ವಿಶೇಷ ಲಾಭವಿಲ್ಲ. ಫ್ಯಾನಿನ ಗಾಳಿಯಲ್ಲಿ ಇಡೀ ದಿನ ಇಡುವುದು ಅದಕ್ಕಿಂತ ಒಳ್ಳೆಯದು. ಪೂರ್ತಿ ಆರುವವರೆಗೆ ಚಾರ್ಜಿಗೆ ಹಾಕಬೇಡಿ.

ಶೂ ಪೆಟ್ಟಿಗೆ, ಚೀಲಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯಬೇಡಿ. ಅದರ ಸೂಕ್ಷ್ಮ ರಂಧ್ರಗಳು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಯರ್‌ಫೋನಿನ ಜತೆ ಒಂದೆರಡು ಪೊಟ್ಟಣ ಹಾಕಿಡಿ. ಮುಚ್ಚಳ ತೆರೆದಿಟ್ಟರೆ ಅದು ಊರಿನ ತೇವವನ್ನೆಲ್ಲ ಹೀರಲು ಹೊರಟು ಬೇಗ ಸೋಲುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕೈಗೆ ಸಿಗದ ಹಾಗಿಡಿ.

ತಂತಿ ಹಾಳಾಗುವುದು ಬಹುಪಾಲು ಪಿನ್ನಿನ ಕುತ್ತಿಗೆಯಲ್ಲಿ. ಎಳೆಯುವಾಗ ತಂತಿ ಹಿಡಿಯದೆ ಪಿನ್ನನ್ನೇ ಹಿಡಿದು ಎಳೆಯಿರಿ. ಫೋನಿನ ಸುತ್ತ ಬಿಗಿಯಾಗಿ ಸುತ್ತಬೇಡಿ. ಬಾವಿಯ ಹಗ್ಗ ಸುತ್ತುವ ಹಾಗೆ ಸಡಿಲವಾಗಿ ಸುತ್ತಿ. ಬಡ್ಸ್ ಮತ್ತು ಬ್ಲೂಟೂತ್ ಹೆಡ್‌ಫೋನುಗಳ ಒಳಗಿರುವುದು ಲಿಥಿಯಂ ಅಯಾನ್ ಬ್ಯಾಟರಿ. 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಅದನ್ನು ಚಾರ್ಜ್ ಮಾಡಬಾರದು. ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಉಷ್ಣತೆ 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅಲ್ಲಿ ಬಿಟ್ಟುಹೋಗಬೇಡಿ. ಡಬ್ಬಿ ಉಬ್ಬಿದಂತೆ ಕಂಡರೆ ಮತ್ತೆ ಚಾರ್ಜಿಗೆ ಹಾಕಲೇಬೇಡಿ.

ಒಂದು ಸಣ್ಣ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬೆಲ್ ಮಿತಿ. ಡೆಸಿಬೆಲ್ ಎನ್ನುವುದು ಕಿಲೋಗ್ರಾಂ, ಮೀಟರಿನಂತಹ ಮಾನವಲ್ಲ. ಅದು ಲಾಗರಿದಮ್ ಲೆಕ್ಕ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ.

ಈಗ ಮುಚ್ಚಿದ ಜಾಲರಿಗೆ ಬನ್ನಿ. ಒಂದು ಕಡೆ ಮಂಕಾಯಿತೆಂದು ಹುಡುಗ 6 ಡೆಸಿಬೆಲ್ ಏರಿಸಿದ ಎನ್ನೋಣ. ಸರಿಯಾಗಿರುವ ಕಿವಿಗೆ 81 ಡೆಸಿಬೆಲ್ ಬೀಳುತ್ತದೆ. 40 ಗಂಟೆ ಮೊದಲು 20, ಆಮೇಲೆ 10 ಗಂಟೆಗೆ ಇಳಿಯಿತು. ಬಸ್ಸಿನ ಸದ್ದು ಮೀರಲೆಂದು 90ಕ್ಕೆ ಏರಿಸಿದರೆ? 75ರಿಂದ 90ಕ್ಕೆ ಐದು ಮೆಟ್ಟಿಲು. 40ನ್ನು ಐದು ಸಲ ಅರ್ಧ ಮಾಡಿ. ವಾರಕ್ಕೆ ಒಂದೂಕಾಲು ಗಂಟೆ ಬರುತ್ತದೆ. ದಿನಕ್ಕಲ್ಲ, ವಾರಕ್ಕೆ! ದಿನವೂ ಒಂದು ಗಂಟೆ ಬಸ್ಸಿನಲ್ಲಿ ಓಡಾಡುವ ಕಾಲೇಜು ಹುಡುಗ ಮಂಗಳವಾರದ ಹೊತ್ತಿಗೇ ವಾರದ ಪಾಲನ್ನೆಲ್ಲ ಮುಗಿಸಿಬಿಟ್ಟಿರುತ್ತಾನೆ.

ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಅಲುಗಾಟವನ್ನು ನರದ ಸಂಕೇತವಾಗಿ ಬದಲಿಸುವವು ಅವೇ. ಚರ್ಮ, ಉಗುರಿನ ಹಾಗೆ ಇವು ಮತ್ತೆ ಬೆಳೆಯುವುದಿಲ್ಲ. ಇಯರ್‌ಫೋನ್ ತೆಗೆದ ಮೇಲೆ ಕಿವಿ ಗುಂಯ್‌ಗುಟ್ಟುವುದು, ಮಾತು ಹೊದಿಕೆಯೊಳಗಿನಿಂದ ಬಂದಂತೆ ಕೇಳುವುದು ಅವು ನರಳುತ್ತಿರುವ ಲಕ್ಷಣ. ವಾಲ್ಯೂಮ್ ಪಟ್ಟಿ ಶೇಕಡ 60ರ ಒಳಗಿರಲಿ, ನಡುನಡುವೆ ಕಿವಿಗೆ ಬಿಡುವು ಕೊಡಿ. ಅನುಮಾನ ಬಂದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಾ ಬಂದಿದೆ. ದೊಡ್ಡ ಆಸ್ಪತ್ರೆಗಳ ಕಿವಿ ವಿಭಾಗಗಳಲ್ಲೂ ಈ ಪರೀಕ್ಷೆ ಇದೆ.

ಮನೆಗೆಲಸ

ಈ ಭಾನುವಾರ ಮನೆಯಲ್ಲಿರುವ ಇಯರ್‌ಫೋನುಗಳನ್ನೆಲ್ಲ ಒಂದು ಹಾಳೆಯ ಮೇಲೆ ಜೋಡಿಸಿ. ‘ಕೆಟ್ಟಿದೆ’ ಎಂದು ಡ್ರಾಯರಿಗೆ ಎಸೆದಿದ್ದನ್ನೂ ಹುಡುಕಿ ತನ್ನಿ. ಒಂದೊಂದಕ್ಕೂ ಅದಲು ಬದಲು ಪರೀಕ್ಷೆ ಮಾಡಿ. ಶುಚಿ ಮಾಡುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಪುಸ್ತಕದಲ್ಲಿ ಬರೆಯಿರಿ. ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳಿ. ಅವರ ಕಿವಿಯೂ ಪರೀಕ್ಷೆಯಾದಂತಾಗುತ್ತದೆ.

ಮನೆಯಲ್ಲಿ ಅಜ್ಜನೋ ಅಜ್ಜಿಯೋ ಶ್ರವಣ ಸಾಧನ ಬಳಸುತ್ತಿದ್ದರೆ ಅದನ್ನೂ ಮರೆಯಬೇಡಿ. ಅದೂ ಇಯರ್‌ಫೋನಿನ ಅಣ್ಣನೇ. ಗುಗ್ಗೆ, ಬೆವರು, ತೇವ ಅದಕ್ಕೂ ಶತ್ರುಗಳು. ‘ಏನೂ ಕೇಳಿಸುವುದಿಲ್ಲ, ತೆಗೆದಿಡು ಅದನ್ನ’ ಎಂದು ಅಜ್ಜ ಬೇಸರಪಟ್ಟಿದ್ದರೆ ತುದಿಯ ತೂತು ಗುಗ್ಗೆಯಿಂದ ಮುಚ್ಚಿರುವ ಸಂಭವವಿದೆ. ಅದಕ್ಕೆ ನೀರು, ಆಲ್ಕೊಹಾಲ್ ಯಾವುದೂ ತಾಗಿಸಬೇಡಿ. ಒಣಬಟ್ಟೆ, ಅದರ ಜತೆಗೇ ಕೊಟ್ಟಿರುವ ಸಣ್ಣ ಬ್ರಷ್ ಸಾಕು. ರಾತ್ರಿ ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಬೆಳಿಗ್ಗೆ ಹಾಕಿಕೊಟ್ಟು, ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಮಾತಾಡಿಸಿ ನೋಡಿ. ಅಜ್ಜನಿಗೆ ಕೇಳಿಸಿತೇ ಎಂಬುದನ್ನು ಪುಸ್ತಕದ ಕೊನೆಯ ಸಾಲಿನಲ್ಲಿ ಬರೆಯಿರಿ.